ಒಂದೇ ಆಂಟಿಬಾಡಿಗೆ ಮೂರು ಲೇಬಲ್ ಹಾಕಿ ನೋಡ್ದಾಗ

ಸ್ತನ ಕ್ಯಾನ್ಸರ್‌ಗೆ ಕೊಡೋ ಟ್ರಾಸ್ಟುಜುಮ್ಯಾಬ್ ಅನ್ನೋ ಆಂಟಿಬಾಡಿಗೆ ಅಯೋಡಿನ್-131, ಲುಟೀಷಿಯಂ-177, ಇಟ್ರಿಯಂ-90 ಈ ಮೂರು ವಿಕಿರಣಶೀಲ ಪರಮಾಣುಗಳನ್ನ ಬೇರೆ ಬೇರೆಯಾಗಿ ಅಂಟಿಸಿ, ಅಂದ್ರೆ ಲೇಬಲ್ ಮಾಡಿ, ಯಾವುದು ಕ್ಯಾನ್ಸರ್ ಸೆಲ್‌ಗಳಲ್ಲಿ ನಿಲ್ಲುತ್ತೆ ಅಂತ ನೋಡಿದ್ದೆ.

ಲೇಬಲಿಂಗ್‌ನಲ್ಲಿ ಅಯೋಡಿನ್ನೇ ಸುಲಭ. ನೇರವಾಗಿ ಆಂಟಿಬಾಡಿಯಲ್ಲಿರೋ ಟೈರೋಸಿನ್ ಅನ್ನೋ ಅಮೈನೋ ಆಮ್ಲದ ಮೇಲೆ ಕೂರುತ್ತೆ, ಕೆಲವು ನಿಮಿಷದ ಕೆಲಸ. ಉಳಿದ ಎರಡು ಲೋಹಗಳು, ಅವಕ್ಕೆ ಮೊದ್ಲು ಆಂಟಿಬಾಡಿಗೆ ಡೋಟಾ ಅನ್ನೋ ಚೀಲೇಟರ್, ಅಂದ್ರೆ ಲೋಹವನ್ನ ಹಿಡಿದಿಡೋ ಅಣು, ಜೋಡಿಸ್ಬೇಕು. ಸಣ್ಣ ಪೆಪ್ಟೈಡ್ ಆದ್ರೆ 90 ಡಿಗ್ರಿಗೆ ಕಾಯಿಸ್ಬಹುದಿತ್ತು, ಆಂಟಿಬಾಡಿ ಆ ಬಿಸಿ ತಡ್ಕೊಳ್ಳಲ್ಲ, ಹಾಗಾಗಿ 37 ಡಿಗ್ರಿ, ಪಿಎಚ್ 5.5ರ ಹತ್ರ ಇಟ್ಟು ತಾಳ್ಮೆಯಿಂದ ಕಾಯ್ಬೇಕು, ಬಫರ್‌ನಲ್ಲಿ ಚೂರು ಕಬ್ಬಿಣವೋ ಸತುವೋ ಇದ್ರೂ ಡೋಟಾದ ಜಾಗ ಅದೇ ತುಂಬ್ಕೊಳ್ಳುತ್ತೆ. ನನ್ನ ಮೊದಲೆರಡು ಬ್ಯಾಚ್ ಹೀಗೇ ಹಾಳಾದ್ವು, ಬಫರನ್ನ ಲೋಹ ಹೀರೋ ಚೀಲೆಕ್ಸ್ ರೆಸಿನ್ ಮೂಲಕ ಹಾಯಿಸಿದ್ಮೇಲೆ ಸರಿಹೋಯ್ತು.

ಅಸಲಿ ಪಾಠ ಸಿಕ್ಕಿದ್ದು 24 ಗಂಟೆ ಆದ್ಮೇಲೆ. ಲೋಹದ ಎರಡೂ ಸೆಲ್ ಒಳಗೇ ಇದ್ವು, ಅಯೋಡಿನ್ ಕೌಂಟ್ (ವಿಕಿರಣದ ಎಣಿಕೆ) ಮಾತ್ರ ಹೊರಗಿನ ಮೀಡಿಯಾದಲ್ಲಿ, ಅಂದ್ರೆ ಸೆಲ್ ಬೆಳೆಸೋ ದ್ರವದಲ್ಲಿ. ಲೇಬಲಿಂಗ್ ಕೆಟ್ಟಿದೆ ಅನ್ಕೊಂಡೆ, ಮತ್ತೆ ಮಾಡ್ದೆ, ಅದೇ ರಿಸಲ್ಟ್. ಆಮೇಲೆ ಆ ಮೀಡಿಯಾಗೆ ಟ್ರೈಕ್ಲೋರೋ ಅಸಿಟಿಕ್ ಆಸಿಡ್ ಹಾಕ್ದೆ. ಪ್ರೋಟೀನ್ ತಳಕ್ಕೆ ಇಳೀತು, ಕೌಂಟ್ ಮಾತ್ರ ಇಳೀದೆ ಮೇಲಿನ ದ್ರವದಲ್ಲೇ ಉಳೀತು. ಅಂದ್ರೆ ಅದು ಆಂಟಿಬಾಡಿಯೇ ಅಲ್ಲ, ಒಡೆದ ತುಣುಕು. ಈ ಆಂಟಿಬಾಡಿ ಸೆಲ್ ಮೇಲಿರೋ ಹರ್2 ಅನ್ನೋ ಪ್ರೋಟೀನ್‌ಗೆ ಅಂಟಿ, ಅದರ ಜೊತೆ ಒಳಗೆ ಹೋಗಿ, ಸೆಲ್‌ನ ಜೀರ್ಣಚೀಲವಾದ ಲೈಸೋಸೋಮ್‌ನಲ್ಲಿ ಪುಡಿಯಾಗುತ್ತೆ, ಅಯೋಡಿನ್ ಕೂತ ಟೈರೋಸಿನ್ (ಅಯೋಡೋಟೈರೋಸಿನ್) ಆಚೆ ಬಂದ್ಬಿಡುತ್ತೆ, ಡೋಟಾ ಹಿಡಿದ ಲೋಹ ಸಿಕ್ಕಾಕೊಂಡು ಅಲ್ಲೇ ಇರುತ್ತೆ.

ಹಾಗಂತ ಅಯೋಡಿನ್ ಯೂಸ್‌ಲೆಸ್ ಅಲ್ಲ. ಬಿ ಸೆಲ್‌ಗಳ ಮೇಲಿರೋ ಸಿಡಿ20 ಅನ್ನೋ ಪ್ರೋಟೀನ್ ಗುರಿ ಇರೋ ಆಂಟಿಬಾಡಿಗಳು ಅಷ್ಟಾಗಿ ಒಳಗೆ ಹೋಗಲ್ಲ, ಅಂಥದ್ದೇ ಒಂದು, ಲಿಂಫೋಮಾಗೆ (ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್‌ಗೆ) ಅಯೋಡಿನ್-131 ಟಾಸಿಟುಮೊಮ್ಯಾಬ್ 2003ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದಿತ್ತು. ಅದಕ್ಕೂ ಮುಂಚೆ, 2002ರಲ್ಲಿ, ಇಟ್ರಿಯಂ-90 ಇಬ್ರಿಟುಮೊಮ್ಯಾಬ್.

ಇಟ್ರಿಯಮ್ಮೋ ಲುಟೀಷಿಯಮ್ಮೋ ಅಂದ್ರೆ ನಾನು ಗೆಡ್ಡೆಯ ಸೈಜ್ ಕೇಳ್ತೀನಿ. ಇಟ್ರಿಯಂ ಹೊಮ್ಮಿಸೋ ಬೀಟಾ ಕಣ ಅಂಗಾಂಶದಲ್ಲಿ ಸುಮಾರು 11 ಮಿಮೀವರೆಗೆ ಹೋಗುತ್ತೆ, ಲುಟೀಷಿಯಮ್ಮಿಂದು 2 ಮಿಮೀ ಆಸುಪಾಸು. ಚಿಕ್ಕ ಗಂಟುಗಳಿಗೆ ಇಟ್ರಿಯಂ ಹಾಕಿದ್ರೆ ಶಕ್ತಿಯ ದೊಡ್ಡ ಪಾಲು ಆಚೆಗಿನ ಆರೋಗ್ಯವಂತ ಭಾಗಕ್ಕೆ ಹೋಗುತ್ತೆ. ಇನ್ನೊಂದು, ಪೂರ್ತಿ ಆಂಟಿಬಾಡಿ ಗೆಡ್ಡೆಯಲ್ಲಿ ಸೇರೋಕೆ ದಿನಗಳೇ ಬೇಕು, ಇಟ್ರಿಯಂ ಅರ್ಧಾಯುಷ್ಯ 64 ಗಂಟೆ, ಲುಟೀಷಿಯಂದು 6.6 ದಿನ, ಜೊತೆಗೆ ಅದರ 208 ಕೆಇವಿ ಗಾಮಾದಿಂದ ಎಲ್ಲಿ ಹೋಯ್ತು ಅಂತ ಸ್ಕ್ಯಾನ್‌ನಲ್ಲಿ ನೋಡ್ಬಹುದು. ನನ್ನ ಕೆಲಸಕ್ಕೆ ನಾನು ಲುಟೀಷಿಯಮ್ಮನ್ನೇ ಇಟ್ಕೊಂಡೆ.