ದಿನಾ ಓಡಿಸುವ ಕಾರಿಗೆ ಹಗುರ ಫ್ಲೈವೀಲ್: ನಾನು ಆರಿಸಿದ್ದು ಹೇಗೆ

ಹಗುರ ಫ್ಲೈವೀಲ್ ಹಾಕಿದರೆ ಎಂಜಿನ್ ಪವರ್ ಒಂದೇ ಒಂದು ಎಚ್‌ಪಿ ಕೂಡ ಜಾಸ್ತಿ ಆಗುವುದಿಲ್ಲ. ಇದನ್ನು ಮೊದಲು ಒಪ್ಪಿಕೊಂಡರೆ ಮುಂದಿನದೆಲ್ಲ ಸುಲಭ. ಫ್ಲೈವೀಲ್ ಅಂದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ತಿರುಗುವ ಭಾರದ ಚಕ್ರ, ಕ್ಲಚ್ ಕೂರುವುದು ಅದರ ಮೇಲೆ.

ನನ್ನದು ಹಳೆಯ ಹೋಂಡಾ ಸಿಟಿ, 1.5 ವಿಟೆಕ್, 106 ಎಚ್‌ಪಿಯ, ಭಾರತಕ್ಕೆ ಬಂದ ಆ ಮೊದಲ ತಲೆಮಾರಿನ ಕಾರು. ಟ್ರ್ಯಾಕಿಗೆ ಹೋಗುವ ಗಾಡಿ ಅಲ್ಲ. ವಾರವಿಡೀ ಹೆಬ್ಬಾಳ, ಸಿಲ್ಕ್ ಬೋರ್ಡ್. ಬಿಡುವಾದಾಗ ನಂದಿಬೆಟ್ಟ, ವರ್ಷಕ್ಕೊಮ್ಮೆ ಊರಿಗೆ ಹೋಗುವಾಗ ಚಾರ್ಮಾಡಿ. ಕ್ಲಚ್ ಸವೆದು ಜಾರುತ್ತಿತ್ತು, ಗೇರ್‌ಬಾಕ್ಸ್ ಹೇಗೂ ಇಳಿಸಲೇಬೇಕಿತ್ತು. ಅದೇ ಕೂಲಿಯಲ್ಲಿ ಫ್ಲೈವೀಲ್ ಕೂಡ ಬದಲಾಯಿಸಿದರೆ ಹೇಗೆ ಅಂತ ಯೋಚನೆ ಶುರುವಾಯಿತು. ಬರೀ ಫ್ಲೈವೀಲಿಗೋಸ್ಕರ ಗೇರ್‌ಬಾಕ್ಸ್ ಬಿಚ್ಚುವವರು ಇದ್ದಾರೆ, ನಾನಂತೂ ಬಿಚ್ಚುತ್ತಿರಲಿಲ್ಲ.

ಪವರ್ ಬರದಿದ್ದರೆ ಏನು ಸಿಗುತ್ತದೆ? ಎಂಜಿನ್ ಸ್ಪೀಡ್ ಏರಿಸುವಾಗಲೆಲ್ಲ ಆ ಕಬ್ಬಿಣದ ಚಕ್ರವನ್ನೂ ಜೋರಾಗಿ ತಿರುಗಿಸಬೇಕಲ್ಲ, ಆ ಖರ್ಚು ಉಳಿಯುತ್ತದೆ. ಎಷ್ಟು ಉಳಿಯುತ್ತದೆ ಅನ್ನುವುದು ಗೇರಿನ ಮೇಲೆ ನಿಂತಿದೆ. ಕಾಗದ ತಗೊಂಡು ಲೆಕ್ಕ ಹಾಕಿದೆ. ಮಧ್ಯದಿಂದ 12 ಸೆಂಮೀ ದೂರದಲ್ಲಿ 2 ಕೆಜಿ ತೆಗೆದಿದ್ದೇವೆ ಅನ್ನಿ. ಟೈರಿನ ತ್ರಿಜ್ಯ 28 ಸೆಂಮೀ, ಮೊದಲ ಗೇರಿನ ಒಟ್ಟು ಅನುಪಾತ ಸುಮಾರು 14, ಅಂದರೆ ಟೈರ್ ಒಂದು ಸುತ್ತು ತಿರುಗುವಷ್ಟರಲ್ಲಿ ಎಂಜಿನ್ 14 ಸುತ್ತು. ಆಗ ಮೊದಲ ಗೇರಿನಲ್ಲಿ ಕಾರಿನಿಂದ 72 ಕೆಜಿ ಇಳಿಸಿದಷ್ಟು ಲಾಭ. ಅಂದರೆ ಒಬ್ಬ ಆಳು ಇಳಿದು ಹೋದ ಹಾಗೆ. ಎರಡನೇ ಗೇರಿನಲ್ಲಿ ಅದು 23 ಕೆಜಿಗೆ ಬರುತ್ತದೆ, ಮೂರರಲ್ಲಿ 10, ಐದನೇ ಗೇರಿನಲ್ಲಿ 4 ಕೆಜಿ ಕೂಡ ಇಲ್ಲ. ತುಮಕೂರು ರಸ್ತೆಯಲ್ಲಿ ಐದನೇ ಗೇರಲ್ಲಿ ಲಾರಿ ಓವರ್‌ಟೇಕ್ ಮಾಡುವಾಗ ಇದರಿಂದ ಏನೂ ಸಿಗುವುದಿಲ್ಲ ಅಂತ ಅರ್ಥ. ಟಾಪ್ ಸ್ಪೀಡ್ ಅಷ್ಟೇ, ಮೈಲೇಜೂ ಹೆಚ್ಚುಕಡಿಮೆ ಅಷ್ಟೇ. ಪವರ್ ಅಳೆಯುವ ಯಂತ್ರ ಡೈನೋದಲ್ಲಿ ನಾಲ್ಕೈದು ಎಚ್‌ಪಿ ಜಾಸ್ತಿ ತೋರಿಸಿತು ಅಂತ ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ. ಸ್ಪೀಡ್ ಏರುತ್ತಿರುವಾಗ ಅಳೆಯುವ ಡೈನೋ ಅದು, ಉಳಿದ ಖರ್ಚನ್ನು ಪವರ್ ಅಂತ ಬರೆಯುತ್ತದೆ.

ಅದೇ 2 ಕೆಜಿಯನ್ನು 6 ಸೆಂಮೀ ದೂರದಲ್ಲಿ ತೆಗೆದರೆ ಮೊದಲ ಗೇರಿನ ಲಾಭ 72ರಿಂದ 18ಕ್ಕೆ ಇಳಿಯುತ್ತದೆ. ದೂರ ಅರ್ಧವಾದರೆ ಲಾಭ ಕಾಲು ಭಾಗ. ಹಾಗಾಗಿ 'ಇದು ಇಷ್ಟೇ ಕೆಜಿ' ಅಂತ ಮಾರುವವರು ಹೇಳಿದರೆ ಅರ್ಧ ಮಾತು ಹೇಳಿದ ಹಾಗೆ. ತೂಕ ಎಲ್ಲಿಂದ ಹೋಗಿದೆ ಅಂತ ತಿರುಗಿಸಿ ನೋಡಬೇಕು, ಅಂಚಿನಿಂದಲೋ ಒಳಗಿನಿಂದಲೋ.

ನನ್ನ ಮುಂದೆ ಮೂರು ದಾರಿ ಇದ್ದವು. ಇದ್ದ ಫ್ಲೈವೀಲನ್ನೇ ಲೇತಿಗೆ ಹಾಕಿ ಸವರಿಸುವುದು, ಕ್ರೋಮೋಲಿ ಅನ್ನುವ ಗಟ್ಟಿ ಮಿಶ್ರಲೋಹದ ಸ್ಟೀಲಿನದು ತರಿಸುವುದು, ಅಥವಾ ಅಲ್ಯೂಮಿನಿಯಂ.

ಲೇತ್ ಅಗ್ಗ. ಪೀಣ್ಯದಲ್ಲಿ ಒಬ್ಬರ ಹತ್ತಿರ ಕೇಳಿದೆ. "ಎಷ್ಟು ಬೇಕೋ ಹೇಳಿ ಸಾರ್, ಮೂರು ಕೆಜಿ ಎಳೆದುಬಿಡ್ಲಾ?" ಅಂದರು. ಅವರ ಕೈಕೆಲಸ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಂಪನಿಯ ಫ್ಲೈವೀಲ್ ಬೀಡು ಕಬ್ಬಿಣದ್ದು. ಬೀಡು ಬಗ್ಗುವುದಿಲ್ಲ, ಬಿರಿಯುತ್ತದೆ. ಏಳು ಸಾವಿರ ಆರ್‌ಪಿಎಂನಲ್ಲಿ 14 ಸೆಂಮೀ ತ್ರಿಜ್ಯದ ಅಂಚು ಗಂಟೆಗೆ ಸುಮಾರು 370 ಕಿಮೀ ವೇಗದಲ್ಲಿ ತಿರುಗುತ್ತಿರುತ್ತದೆ. ಅದರ ಸುತ್ತ ಇರುವುದು ಬೆಲ್ ಹೌಸಿಂಗ್ ಅನ್ನುವ ಅಲ್ಯೂಮಿನಿಯಂ ಕವಚ ಮಾತ್ರ, ಅದರಾಚೆ ನಮ್ಮ ಕಾಲು. ಹಿಂಬದಿಯ ಅಂಚಿನಿಂದ ಸ್ವಲ್ಪ ತೆಗೆಸಿ ಬ್ಯಾಲೆನ್ಸ್ ಮಾಡಿಸಿಕೊಂಡು ವರ್ಷಗಟ್ಟಲೆ ಓಡಿಸುತ್ತಿರುವವರೂ ಇದ್ದಾರೆ. ಆದರೆ ಕ್ಲಚ್ ಪ್ಲೇಟ್ ಉಜ್ಜುವ ಜಾಗದ ಹಿಂದೆ ತೆಳ್ಳಗೆ ಮಾಡಿದರೆ ಬಿಸಿಗೆ ಅಲ್ಲೇ ಕೂದಲೆಳೆ ಬಿರುಕು ಶುರುವಾಗುತ್ತದೆ. ನಾನು ಬೇಡ ಅಂದೆ.

ಅಲ್ಯೂಮಿನಿಯಂ ತೂಕದಲ್ಲಿ ಎಲ್ಲಕ್ಕಿಂತ ಕಡಿಮೆ, ಮೂರೂವರೆ ಕೆಜಿಯ ಆಸುಪಾಸಿಗೆ ಬರುತ್ತದೆ. ಕ್ಲಚ್ ಉಜ್ಜುವ ಜಾಗಕ್ಕೆ ಮಾತ್ರ ಸ್ಟೀಲ್ ರಿಂಗ್ ಕೂರಿಸಿರುತ್ತಾರೆ, ಸವೆದರೆ ಅದನ್ನಷ್ಟೇ ಬದಲಾಯಿಸಬಹುದು. ರೇಸಿಗೆ ಬಹಳ ಒಳ್ಳೆಯದು. ಆದರೆ 800 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರ್ ಎಂಜಿನ್ ಸೆಕೆಂಡಿಗೆ ಸುಮಾರು 27 ಸಲ ಮಾತ್ರ ಒದೆಯುತ್ತದೆ. ಎರಡು ಒದೆತದ ನಡುವೆ ಎಂಜಿನ್ ತಿರುಗಿಸುವುದು ಫ್ಲೈವೀಲಿನಲ್ಲಿ ಕೂಡಿಟ್ಟ ಶಕ್ತಿ. ನಿಲ್ಲಿಸಿ ಹೊರಡುವಾಗ ಗಾಡಿಯನ್ನು ಮೊದಲ ಅಡಿ ಮುಂದೆ ತಳ್ಳುವುದೂ ಅದೇ. ಸಿಲ್ಕ್ ಬೋರ್ಡ್‌ನಲ್ಲಿ ಸಂಜೆ ಆರೂವರೆಗೆ ನನಗೆ ಬೇಕಾಗಿದ್ದು ಆ ಶಕ್ತಿಯೇ. ಅದು ಕಡಿಮೆಯಾದಷ್ಟೂ ನಾವು ಜಾಸ್ತಿ ರೇಸ್ ಕೊಟ್ಟು ಕ್ಲಚ್ ಜಾರಿಸುತ್ತೇವೆ, ಬಿಸಿ ಏರುತ್ತದೆ, ಹೊಸ ಕ್ಲಚ್ ಬೇಗ ಮುಗಿಯುತ್ತದೆ.

ಕೊನೆಗೆ ಸ್ಟೀಲಿನದೇ ತರಿಸಿದೆ. ಕಂಪನಿಯದಕ್ಕಿಂತ ಎರಡು ಕೆಜಿಯಷ್ಟು ಕಡಿಮೆ, ಹೆಚ್ಚಿನದು ಅಂಚಿನಿಂದಲೇ ಹೋಗಿದೆ. ಸ್ಟೀಲಾದ್ದರಿಂದ ಒಡೆಯುವ ಭಯ ಬೀಡಿನಷ್ಟು ಇಲ್ಲ. ಇನ್ನೂ ಹಗುರದ್ದು ಸಿಗುತ್ತಿತ್ತು, ಬೇಕಂತಲೇ ತಗೊಳ್ಳಲಿಲ್ಲ. ಕ್ಲಚ್ ಪ್ಲೇಟ್ ಮಾತ್ರ ಮಧ್ಯದಲ್ಲಿ ಸ್ಪ್ರಿಂಗ್ ಇರುವ ಸಾಧಾರಣ ಪ್ಲೇಟನ್ನೇ ಇಟ್ಟುಕೊಂಡೆ. ಹಗುರ ಫ್ಲೈವೀಲ್ ಜೊತೆ ಸ್ಪ್ರಿಂಗ್ ಇಲ್ಲದ ಪ್ಲೇಟ್, ಅದರ ಮೇಲೆ ಸೆರಾಮಿಕ್ ಬಿಲ್ಲೆಗಳು, ಇವೆರಡೂ ಸೇರಿದರೆ ರಸ್ತೆಯ ಮೇಲೆ ಓಡಿಸುವುದು ಶಿಕ್ಷೆ.

ಹಾಕುವ ಮೊದಲು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಫ್ಲೈವೀಲಿನ ಅಂಚಿನ ಸುತ್ತ ಇರುವ ರಿಂಗ್ ಗೇರಿನ ಹಲ್ಲು ಎಣಿಸಿ, ಲೆಕ್ಕ ತಾಳೆಯಾಗದಿದ್ದರೆ ಸ್ಟಾರ್ಟರ್ ಸರಿಯಾಗಿ ಕಚ್ಚುವುದಿಲ್ಲ. ಕ್ಲಚ್ ಉಜ್ಜುವ ಮುಖಕ್ಕೂ, ಕ್ಲಚ್ ಪ್ಲೇಟನ್ನು ಒತ್ತಿಹಿಡಿಯುವ ಪ್ರೆಶರ್ ಪ್ಲೇಟ್ ಕೂರುವ ಮುಖಕ್ಕೂ ಎತ್ತರದ ವ್ಯತ್ಯಾಸ ಇದ್ದರೆ ಅಳತೆ ಎರಡರಲ್ಲೂ ಒಂದೇ ಇರಬೇಕು. ಮುಂದೆ ಯಾವತ್ತಾದರೂ ಲೇತಿನಲ್ಲಿ ಫೇಸಿಂಗ್ ಮಾಡಿಸಿ ಮುಖ ಸವರಿಸಿದರೂ ಎರಡೂ ಮುಖದಿಂದ ಅಷ್ಟಷ್ಟೇ ತೆಗೆಯಬೇಕು, ಒಂದರಿಂದ ಮಾತ್ರ ತೆಗೆದರೆ ಕ್ಲಚ್ಚಿನ ಹಿಡಿತವೇ ಬದಲಾಗುತ್ತದೆ. ಬ್ಯಾಲೆನ್ಸಿಂಗನ್ನು ಪ್ರೆಶರ್ ಪ್ಲೇಟ್ ಸಮೇತ ಮಾಡಿಸಿ, ಎರಡಕ್ಕೂ ಸೆಂಟರ್ ಪಂಚಿನಿಂದ ಗುರುತು ಹೊಡೆಸಿಕೊಂಡೆ, ಜೋಡಿಸುವಾಗ ಅದೇ ಜಾಗಕ್ಕೆ ಬರಲಿ ಅಂತ.

ಹೊಸ ಫ್ಲೈವೀಲಿನ ಮೇಲೆ ತುಕ್ಕು ಹಿಡಿಯದಿರಲಿ ಅಂತ ಸಣ್ಣ ಎಣ್ಣೆ ಪದರ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ನೋಡೋಕೆ ಸ್ವಚ್ಛವಾಗೇ ಇತ್ತು, ಬ್ರೇಕ್ ಕ್ಲೀನರ್ ಹೊಡೆದು ಬಿಳಿ ಪಂಚೆ ತುಂಡಿನಲ್ಲಿ ಒರೆಸಿದರೆ ಬಟ್ಟೆ ಕಂದಾಯಿತು. ಮತ್ತೆ ಹೊಡೆದು ಮತ್ತೆ ಒರೆಸಿದೆವು, ಬಟ್ಟೆ ಬೆಳ್ಳಗೇ ಉಳಿಯುವ ತನಕ. ಆ ಎಣ್ಣೆ ಕ್ಲಚ್ ಪ್ಲೇಟಿಗೆ ಹತ್ತಿದರೆ ಹೊರಡುವಾಗ ಗಾಡಿ ನಡುಗುತ್ತದೆ, ಬೈಗುಳ ಫ್ಲೈವೀಲಿಗೆ ಬೀಳುತ್ತದೆ. ಫ್ಲೈವೀಲ್ ಕೂರುವ ಎಂಜಿನ್ ಶಾಫ್ಟು, ಅಂದರೆ ಕ್ರ್ಯಾಂಕಿನ ಹಿಂದಿನ ಸೀಲ್, ರಿಲೀಸ್ ಬೇರಿಂಗ್, ಫ್ಲೈವೀಲ್ ಬೋಲ್ಟ್ ಎಲ್ಲ ಹೊಸದೇ. ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಎದುರುಬದುರು ಬಿಗಿ ಮಾಡಿಸಿ. ಮೆಕ್ಯಾನಿಕ್ ಅಣ್ಣ "ನನ್ ಕೈಗೇ ಗೊತ್ತಾಗುತ್ತೆ ಬಿಡಿ ಸಾರ್" ಅಂದರೂ ನಯವಾಗಿ ರೆಂಚ್ ಕೈಗೆ ಕೊಡಿ. ಎಂಜಿನ್ ಮೌಂಟ್ ಹಳೆಯದಾಗಿದ್ದರೆ ಈಗಲೇ ಬದಲಾಯಿಸಿ, ಆಮೇಲೆ ನಡುಕ ಎರಡರಷ್ಟು ಅನಿಸುತ್ತದೆ.

ಓಡಿಸಿದರೆ ಹೇಗಿದೆ? ಮೊದಮೊದಲು ಕೋಪ ಬರುತ್ತದೆ. ಕ್ಲಚ್ ಒತ್ತಿದ ತಕ್ಷಣ ಆರ್‌ಪಿಎಂ ದಬಕ್ಕನೆ ಬೀಳುತ್ತದೆ, ನಿಧಾನಕ್ಕೆ ಗೇರ್ ಹಾಕುವ ಅಭ್ಯಾಸ ಇದ್ದರೆ ಪ್ರತಿ ಗೇರಿಗೂ ತಲೆ ಅಲ್ಲಾಡುತ್ತದೆ. ನನ್ನ ಹೆಂಡತಿ ಮನೆ ಗೇಟಿನಲ್ಲೇ ನಿಲ್ಲಿಸಿ, "ಏನ್ರೀ ಮಾಡಿಸಿದ್ದೀರ ಇದಕ್ಕೆ, ಕ್ಲಚ್ ಬಿಟ್ರೆ ಆಫ್ ಆಗುತ್ತಲ್ಲ" ಅಂದಳು. ಈಗ ಅವಳಿಗೂ ರೂಢಿಯಾಗಿದೆ, ಹೊರಡುವಾಗ ಚೂರು ಜಾಸ್ತಿ ರೇಸ್ ಕೊಟ್ಟರೆ ಸಾಕು. ಆದರೆ ಮನೆಯಲ್ಲಿ ಇನ್ನೊಬ್ಬರು ಅದೇ ಕಾರು ಓಡಿಸುತ್ತಿದ್ದರೆ ಮೊದಲೇ ಕೇಳಿ, ಇದು ನಿಮ್ಮೊಬ್ಬರ ತೀರ್ಮಾನ ಅಲ್ಲ. ಎಸಿ ಕಂಪ್ರೆಸರ್ ಕಚ್ಚಿದಾಗ ಐಡ್ಲಿಂಗ್ ಇಳಿದು ಏರುತ್ತಿತ್ತು. ಐಡಲ್ ವಾಲ್ವ್ ಬಿಚ್ಚಿ ಮಸಿ ತೊಳೆದು, ಐಡ್ಲಿಂಗ್ ಒಂಚೂರು ಮೇಲೆ ಇಟ್ಟ ಮೇಲೆ ಸರಿಹೋಯಿತು. ನ್ಯೂಟ್ರಲ್‌ನಲ್ಲಿ ಗೇರ್‌ಬಾಕ್ಸಿನಿಂದ ಸಣ್ಣ ಗಡಗಡ ಬರುತ್ತದೆ, ಕ್ಲಚ್ ಒತ್ತಿದರೆ ನಿಲ್ಲುತ್ತದೆ. ಅದು ಹಾಗೇ ಇರುತ್ತದೆ, ಅದಕ್ಕೆ ಮದ್ದಿಲ್ಲ.

ಚಾರ್ಮಾಡಿಯಲ್ಲಿ ಮಾತ್ರ ಖರ್ಚು ಮಾಡಿದ್ದು ಸಾರ್ಥಕ ಅನಿಸಿತು. ಕೊಟ್ಟಿಗೆಹಾರದ ಕಡೆಗೆ ಹತ್ತುವಾಗ ತಿರುವಿಗೆ ಮೊದಲು ಮೂರರಿಂದ ಎರಡಕ್ಕೆ ಇಳಿಸಿ ಆಕ್ಸಿಲರೇಟರ್ ಒಂದು ಸಲ ಮುಟ್ಟಿದರೆ ಆರ್‌ಪಿಎಂ ಅಲ್ಲೇ ಬಂದು ನಿಲ್ಲುತ್ತದೆ, ಗೇರ್ ಸದ್ದಿಲ್ಲದೆ ಕೂರುತ್ತದೆ. ತಿರುವು ದಾಟಿ ಕಾಲು ಒತ್ತಿದರೆ ಎಂಜಿನ್ ಕಾಯುವುದಿಲ್ಲ. ಮೊದಲು ಇದೇ ಜಾಗದಲ್ಲಿ ಒಂದು ಗಳಿಗೆ ಯೋಚನೆ ಮಾಡಿ ಎಳೆಯುತ್ತಿತ್ತು.

ಡೀಸೆಲ್ ಕಾರಿನವರು ಇದೆಲ್ಲ ಓದಿ ಆಸೆ ಪಡಬೇಡಿ. ಈಗಿನ ಹಲವು ಡೀಸೆಲ್‌ಗಳಲ್ಲಿ ಒಳಗೆ ಸ್ಪ್ರಿಂಗ್ ಇರುವ ಎರಡು ತುಂಡಿನ ಡ್ಯುಯಲ್ ಮಾಸ್ ಫ್ಲೈವೀಲ್ ಇರುತ್ತದೆ, ಅದನ್ನು ತೆಗೆದು ಹಗುರದ್ದು ಹಾಕಿದರೆ ಆ ಎಂಜಿನ್ನಿನ ಒದೆತವೆಲ್ಲ ನೇರ ಗೇರ್‌ಬಾಕ್ಸಿಗೆ ಹೋಗುತ್ತದೆ. ಹೊಸ ಪೆಟ್ರೋಲ್ ಕಾರುಗಳಲ್ಲೂ ಒಂದು ತೊಂದರೆ ಇದೆ. ಕ್ರ್ಯಾಂಕ್ ವೇಗದ ಏರಿಳಿತ ನೋಡಿ ಎಂಜಿನ್ನಿನ ಕಂಪ್ಯೂಟರ್ ಇಸಿಯು ಮಿಸ್‌ಫೈರ್, ಅಂದರೆ ಸಿಲಿಂಡರ್ ಸರಿಯಾಗಿ ಉರಿಯದಿರುವುದನ್ನು ಕಂಡುಹಿಡಿಯುತ್ತದೆ, ಫ್ಲೈವೀಲ್ ತೀರಾ ಹಗುರಾದರೆ ಸುಮ್ನೆ ಚೆಕ್ ಎಂಜಿನ್ ದೀಪ ಹತ್ತಬಹುದು. ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಸೆನ್ಸರ್ ಓದುವ ಹಲ್ಲುಗಳೇ ಫ್ಲೈವೀಲ್ ಮೇಲಿರುತ್ತವೆ. ನಿಮ್ಮದು ಅಂಥದ್ದಾದರೆ, ತರಿಸುವ ಫ್ಲೈವೀಲಿನಲ್ಲಿ ಆ ಹಲ್ಲು ಇದೆಯಾ ಅಂತ ದುಡ್ಡು ಕಟ್ಟುವ ಮೊದಲೇ ಫೋಟೋ ತರಿಸಿಕೊಂಡು ನೋಡಿ. ಇಲ್ಲದಿದ್ದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ.