ಟೈಡ್ ಪಬ್ಬಿನಲ್ಲೂ ದುಡ್ಡಿದೆ: ನನ್ನ ಅನುಭವ

ಟೈಡ್ ಪಬ್ ಅಂದರೆ ಕಟ್ಟಡ ಬ್ರೂವರಿಯದು, ಅಂದರೆ ಬಿಯರ್ ತಯಾರಿಸೋ ಕಂಪನಿಯದು; ನಾವು ಬಾಡಿಗೆಗೆ ನಡೆಸಬೇಕು, ಬಿಯರ್ ಅವರಿಂದಲೇ ಕೊಳ್ಳಬೇಕು. ಅಂಥ ಪಬ್ ಹಿಡಿದರೆ ಎರಡೇ ವರ್ಷಕ್ಕೆ ಕೈ ಖಾಲಿ ಅಂತ ಎಲ್ಲರೂ ಹೆದರಿಸಿದ್ದರು. ಬರ್ಮಿಂಗ್‌ಹ್ಯಾಮ್ ಗೆಳೆಯರಂತೂ ಫ್ರೀ ಹೌಸ್, ಅಂದರೆ ಬ್ರೂವರಿ ಹಂಗಿಲ್ಲದ ಸ್ವಂತ ಪಬ್, ಸಿಗೋ ತನಕ ಕಾಯಿ ಮಾರಾಯ ಅಂದರು. ಕಟ್ಟಡ ಕೊಳ್ಳುವಷ್ಟು ದುಡ್ಡಿದ್ದರೆ ನಾನು ಪಬ್ ಯಾಕೆ ನಡೆಸಲಿ? ಬರ್ಮಿಂಗ್‌ಹ್ಯಾಮ್ ಪಶ್ಚಿಮಕ್ಕಿರೋ ಬ್ಲ್ಯಾಕ್ ಕಂಟ್ರಿಯಲ್ಲಿ ಮುಚ್ಚಿಕೊಂಡಿದ್ದ ಪಬ್ಬೊಂದನ್ನು ಐದು ವರ್ಷದ ಬಾಡಿಗೆ ಕರಾರಿಗೆ ಹಿಡಿದೆ. ಈಗ ನಾಲ್ಕನೇ ವರ್ಷ, ಬಾಡಿಗೆ, ಕರೆಂಟು, ಸಂಬಳ ಎಲ್ಲ ಕಳೆದು ನನಗೂ ಉಳಿಯುತ್ತಿದೆ.

ಒಳಗೆ ಕಾಲಿಡುವಾಗಲೇ 22 ಸಾವಿರ ಪೌಂಡ್ ಹತ್ತಿರ ಹೋಯಿತು. ಡಿಪಾಸಿಟ್, ಸ್ಟಾಕ್, ವಕೀಲರು, ಮೇಲೆ ಫಿಟ್ಟಿಂಗ್ಸ್, ಅಂದರೆ ಒಳಗಿದ್ದ ಮೇಜು ಕುರ್ಚಿ ಸಾಮಾನು. ಆ ಪಟ್ಟಿಯಲ್ಲಿ ಕಾಲು ಮುರಿದ ಸ್ಟೂಲಿಗೂ ರೇಟು! ಬೆಲೆ ಕಟ್ಟೋಕೆ ನನ್ನದೇ ವ್ಯಾಲ್ಯುಯರ್ ಕರೆಸಿದೆ, ಅವನ ಫೀಸು ಹೋಗಿಯೂ ಎರಡು ಸಾವಿರ ಉಳಿಯಿತು.

ಬಾಡಿಗೆ ಅವರು ಕೇಳಿದ್ದು ವರ್ಷಕ್ಕೆ 30 ಸಾವಿರ. ಅವರ ಲೆಕ್ಕ ವರ್ಷಕ್ಕೆ 250 ಬ್ಯಾರಲ್ ಬಿಯರ್ ಮಾರಾಟದ ಮೇಲೆ. ಹಿಂದಿನ ಮೂರು ವರ್ಷ ಎಷ್ಟೆಷ್ಟು ಬ್ಯಾರಲ್ ಹೋಗಿದೆ ತೋರಿಸಿ ಅಂತ ಪಟ್ಟು ಹಿಡಿದೆ, 160 ಕೂಡ ದಾಟಿರಲಿಲ್ಲ. ಕೊನೆಗೆ 19ಕ್ಕೆ ಇಳಿದರು. ಟೈಡ್ ಪಬ್ ಬಾಡಿಗೆದಾರರನ್ನು ಕಾಯೋ 2016ರ ಪಬ್ಸ್ ಕೋಡ್ ಕಾನೂನನ್ನು ನೆಚ್ಚಿಕೊಳ್ಳಬೇಡಿ, ಅದು 500 ಅಥವಾ ಜಾಸ್ತಿ ಟೈಡ್ ಪಬ್ ಇರೋ ಕಂಪನಿಗೆ ಮಾತ್ರ. ನನ್ನದು ಚಿಕ್ಕ ಬ್ರೂವರಿ, ಏನು ಕಿತ್ತುಕೊಂಡರೂ ಸೈನ್ ಹಾಕೋ ಮುಂಚೆಯೇ ಕಿತ್ತುಕೊಳ್ಳಬೇಕು.

ಬಿಯರ್‌ನಲ್ಲಿ ದುಡ್ಡಿಲ್ಲ. 11 ಗ್ಯಾಲನ್ ಲಾಗರ್ ಬಿಯರಿನ ಕೆಗ್ಗಿಗೆ (ಪೀಪಾಯಿ) ಹೊರಗಿನ ರೇಟಿಗಿಂತ 50-60 ಪೌಂಡ್ ಜಾಸ್ತಿ ಕೊಡುತ್ತೇನೆ. ಅಂದರೆ 88 ಪಿಂಟಿನಲ್ಲಿ ಒಂದೊಂದಕ್ಕೂ ಸುಮಾರು 60 ಪೆನ್ಸ್ ಜಾಸ್ತಿ. ಕಳ್ಳದಾರಿಯಲ್ಲಿ ಕೆಗ್ ತರೋಣ ಅಂದರೆ ಬಿಯರ್ ಲೈನಿಗೆ ಎಷ್ಟು ಹರಿಯಿತು ಅಂತ ಅಳೆಯೋ ಫ್ಲೋ ಮೀಟರ್ ಕೂರಿಸಿದ್ದಾರೆ. ಮೊದಲು ಮೂರು ಬಗೆಯ ಕ್ಯಾಸ್ಕ್ ಏಲ್, ಅಂದರೆ ಪೀಪಾಯಿಯಲ್ಲೇ ಹದಗೊಳ್ಳೋ ಬಿಯರ್, ಇಟ್ಟಿದ್ದೆ. ತೆರೆದ ಮೇಲೆ ಮೂರ್ನಾಲ್ಕು ದಿನಕ್ಕೆ ಹುಳಿ, ಅರ್ಧ ಮೋರಿಗೆ. ಈಗ ಒಂದೇ, ಮೈಲ್ಡ್ ಅನ್ನೋ ಬಗೆ, ಅದೂ 72 ಪಿಂಟಿನ ಚಿಕ್ಕ ಪೀಪಾಯಿ ಫರ್ಕಿನ್‌ನಲ್ಲಿ. ಸ್ಪೋರ್ಟ್ಸ್ ಚಾನೆಲ್ಲಿಗೆ ತಿಂಗಳಿಗೆ ಏಳೆಂಟು ನೂರು ಕಟ್ಟಿದೆ, ಜನ ಅರ್ಧ ಪಿಂಟ್ ಹಿಡಿದು ಪೂರ್ತಿ ಮ್ಯಾಚ್ ನೋಡಿ ಎದ್ದು ಹೋದರು. ತೆಗೆಸಿಬಿಟ್ಟೆ.

ಅಡುಗೆಮನೆಗೆ ಬ್ರೂವರಿಯ ಕಟ್ಟುಪಾಡು (ಟೈ) ಇಲ್ಲ, ಅಲ್ವಾ? ನನ್ನ ಆಟವೆಲ್ಲ ಅಲ್ಲೇ. ಸ್ಮೆದಿಕ್, ವೆಸ್ಟ್ ಬ್ರಾಮಿಚ್ ಕಡೆಯ ಪಂಜಾಬಿಗಳ ದೇಸಿ ಪಬ್ ನೀವೂ ನೋಡಿರುತ್ತೀರಿ, ಬಗೆಬಗೆ ಮಾಂಸ ಸುಟ್ಟು ಕೊಡೋ ಮಿಕ್ಸ್ಡ್ ಗ್ರಿಲ್‌ನಲ್ಲಿ ಅವರನ್ನು ಮೀರಿಸೋಕಾಗಲ್ಲ. ನಾನು ನಮ್ಮ ಕುಂದಾಪುರದ ಚಿಕನ್ ಘೀ ರೋಸ್ಟ್, ನೀರ್ ದೋಸೆ, ಕೋರಿ ಸುಕ್ಕ ಇಟ್ಟೆ. ಬ್ಯಾಡಗಿ ಮೆಣಸು ಊರಿಂದ ತರಿಸುತ್ತೇನೆ. ಮಸಾಲೆ ಹುರಿಯೋ ಕ್ರಮ ಮಾತ್ರ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು. ಹಾಕಿದ ದುಡ್ಡಿಗೆ ಮೂರು ಪಟ್ಟು ಬರುತ್ತದೆ, ಶುಕ್ರವಾರ ಟೇಬಲ್ ಸಿಗಲ್ಲ.

ಸುಮ್ನೆ ಅಂತ ಇನ್ನೊಂದೆರಡು ಮಾಡಿ ನೋಡಿದೆ. ಪುನರ್ಪುಳಿ ಸೋಡಾ ಯಾರೂ ಮುಟ್ಟಲಿಲ್ಲ. ಬಾರ್ ಮೇಲೆ ಕೋಡುಬಳೆ ಜಾರ್ ಇಟ್ಟರೆ, ಜೀವಮಾನವೆಲ್ಲ ಪೋರ್ಕ್ ಸ್ಕ್ರ್ಯಾಚಿಂಗ್ಸ್ (ಕರಿದ ಹಂದಿ ಚರ್ಮ) ಕಡಿದ ಮುದುಕರೇ ಖಾಲಿ ಮಾಡಿದರು. ಉಪ್ಪು ಖಾರ ತಿಂದವರು ಇನ್ನೊಂದು ಪಿಂಟ್ ಕೇಳದೆ ಇರ್ತಾರಾ?

ಮುಂದಿನ ವರ್ಷ ರಿನ್ಯೂವಲ್. ಊಟದ ವ್ಯಾಪಾರ ನೋಡಿ ಬಾಡಿಗೆ ಏರಿಸೋಕೆ ಬ್ರೂವರಿ ಮ್ಯಾನೇಜರ್ ಈಗಲೇ ತಿಂಗಳಿಗೊಮ್ಮೆ ಬಂದು ಘೀ ರೋಸ್ಟ್ ತಿನ್ನುತ್ತಿದ್ದಾರೆ. ಇದು ಬರುತ್ತೆ ಅಂತ ಗೊತ್ತಿದ್ದೇ ಅಗ್ರಿಮೆಂಟಿನಲ್ಲಿ ಒಂದು ಸಾಲು ಸೇರಿಸಿದ್ದೆ. ಆ ಸಾಲು ಏನಂತ ರಿನ್ಯೂವಲ್ ಆದ ಮೇಲೆ ಹೇಳುತ್ತೇನೆ.