ಹಳೆಯ ಫೋನ್ ತಂತಿಯಲ್ಲಿ ಈಥರ್ನೆಟ್: ಮೊದಲು ತಂತಿ ನೋಡಿ, ಆಮೇಲೆ ಮೋಡೆಮ್ ಕೊಳ್ಳಿ

ಎರಡು ಕಟ್ಟಡಗಳ ನಡುವೆ ಹಳೆಯ ಟೆಲಿಫೋನ್ ಕೇಬಲ್ ಸುಮ್ನೆ ಬಿದ್ದಿದೆಯಾ? ನೆಲ ಅಗೆಯದೆ ಅದರಲ್ಲೇ ಇಂಟರ್ನೆಟ್ ಹರಿಸಬಹುದು. ಮಾಮೂಲಿ ಲ್ಯಾನ್ ಕೇಬಲ್‌ನಲ್ಲಿ ಈಥರ್ನೆಟ್ (ಕಂಪ್ಯೂಟರ್‌ಗಳನ್ನು ತಂತಿಯಿಂದ ಜೋಡಿಸುವ ವಿಧಾನ) 100 ಮೀಟರ್‌ಗೇ ಸುಸ್ತಾಗುತ್ತದೆ. ಎಂಜಿನಿಯರ್‌ಗಳ ಸಂಸ್ಥೆ ಐಇಇಇ 2004ರಲ್ಲಿ ತಂದ 802.3ಎಎಚ್ ಎಂಬ ಮಾನದಂಡದಲ್ಲಿ ಫೋನ್ ತಂತಿಯ ದೂರಕ್ಕೂ ದಾರಿ ಇದೆ.

ಜನ ಮೊದಲು ಮೋಡೆಮ್ ತಂದು, ಆಮೇಲೆ ತಂತಿಯನ್ನು ಬೈಯುತ್ತಾರೆ. ಉಲ್ಟಾ ಮಾಡಿ. ಕೇಬಲ್ ನಿಮ್ಮದೇ ಆಗಿದ್ದರೆ ಮಾತ್ರ ಕೈ ಹಾಕಿ. ಫೋನ್ ಕಂಪನಿಯದಾದರೆ ಅವರನ್ನೇ ಕರೆಯಿರಿ. ಎರಡೂ ತುದಿಯಲ್ಲಿ ಜೋಡಿಯನ್ನು (ಒಟ್ಟಿಗೆ ಹೊಸೆದ ಎರಡು ತಂತಿ) ಫೋನ್, ಲೈನುಗಳಿಂದ ಕಳಚಿ. ಚಾಲ್ತಿ ಲೈನಿನಲ್ಲಿ 48 ವೋಲ್ಟ್ ಇರುತ್ತದೆ, ರಿಂಗ್ ಆಗುವಾಗ ಇನ್ನೂ ಜಾಸ್ತಿ. ಈಗ ಆಚೆ ತುದಿಯಲ್ಲಿ ಎರಡೂ ತಂತಿ ಸೇರಿಸಿ ಕಟ್ಟಿ, ಈಚೆಯಿಂದ ಮಲ್ಟಿಮೀಟರ್‌ನಲ್ಲಿ ಓಮ್ (ತಂತಿಯ ಪ್ರತಿರೋಧ) ನೋಡಿ. 0.5 ಮಿ.ಮೀ. ತಂತಿಯಾದರೆ ಒಂದು ಕಿಲೋಮೀಟರ್‌ಗೆ ಸುಮಾರು 175 ಓಮ್ ಬರಬೇಕು. ದೂರ ಕಡಿಮೆ, ಓಮ್ ಜಾಸ್ತಿ ಎಂದರೆ ಎಲ್ಲೋ ಜಾಯಿಂಟ್ ಕಿಲುಬು ಹಿಡಿದಿದೆ. ಕಟ್ಟಿದ ತುದಿ ಬಿಚ್ಚಿದ ಮೇಲೂ ಓಮ್ ಕಡಿಮೆ ತೋರಿಸಿದರೆ ಕೇಬಲ್ ಒಳಗೆ ನೀರು ಹೋಗಿದೆ ಎಂದುಕೊಳ್ಳಿ.

ಮಲ್ಟಿಮೀಟರ್‌ಗೂ ಕಾಣದ ಮೂರು ಕಾಟಗಳಿವೆ. ಎಲ್ಲೂ ಮುಟ್ಟದೆ ನೇತಾಡುವ ಕವಲು ತಂತಿ ಸಿಗ್ನಲ್ಲನ್ನು ವಾಪಸ್ ಎಸೆಯುತ್ತದೆ, ಅದನ್ನು ಕತ್ತರಿಸಿ. ಉದ್ದದ ಲೈನುಗಳಲ್ಲಿ ಮಾತು ಸ್ಪಷ್ಟವಾಗಲಿ ಎಂದು ಹಿಂದೆ ಲೋಡಿಂಗ್ ಕಾಯಿಲ್ ಎಂಬ ತಂತಿ ಸುರುಳಿ ಹಾಕುತ್ತಿದ್ದರು. ಮಾತಿಗೆ 3,400 ಹರ್ಟ್ಸ್ ಸಾಕು. ಅದಕ್ಕಿಂತ ಮೇಲಿನದನ್ನೆಲ್ಲ ಈ ಕಾಯಿಲ್ ನುಂಗಿಬಿಡುತ್ತದೆ, ಹಾಗಾಗಿ ಅದೂ ಹೋಗಬೇಕು. ಮೂರನೆಯದು ನಮ್ಮದೇ ತಪ್ಪು: ಒಂದು ಜೋಡಿಯಿಂದ ಒಂದು ತಂತಿ, ಪಕ್ಕದ ಜೋಡಿಯಿಂದ ಇನ್ನೊಂದು ಹಿಡಿಯುವುದು. ಓಮ್ ಸರಿಯಾಗೇ ಬರುತ್ತದೆ, ಲಿಂಕ್ ಮಾತ್ರ ಬಿದ್ದು ಏಳುತ್ತಿರುತ್ತದೆ. ಒಟ್ಟಿಗೆ ಹೊಸೆದ ತಂತಿಗಳನ್ನೇ ಹಿಡಿಯಿರಿ.

ಇನ್ನು ಮೋಡೆಮ್. ಎರಡು ಬೇಕು, ತುದಿಗೊಂದು. ಕೆಲವು ನೂರು ಮೀಟರ್ ಆದರೆ ವಿಡಿಎಸ್‌ಎಲ್2 (ಫೋನ್ ತಂತಿಯಲ್ಲಿ ಡೇಟಾ ಕಳಿಸುವ ಒಂದು ವಿಧಾನ) ಮೋಡೆಮ್ ತನ್ನಿ. ಮಾತು, ಡೇಟಾ ಬೇರ್ಪಡಿಸುವ ಸ್ಪ್ಲಿಟರ್ ಹಾಕಿದರೆ ಅದೇ ತಂತಿಯಲ್ಲಿ ಫೋನೂ ನಡೆಯುತ್ತದೆ. ದೂರ ಜಾಸ್ತಿಯಾದರೆ 802.3ಎಎಚ್‌ನಲ್ಲೇ ಇರುವ, ಎಸ್‌ಎಚ್‌ಡಿಎಸ್‌ಎಲ್ (ಇನ್ನೊಂದು ಫೋನ್ ತಂತಿ ವಿಧಾನ) ಆಧಾರದ 2ಬೇಸ್-ಟಿಎಲ್: 2.7 ಕಿಲೋಮೀಟರ್‌ಗೆ ಒಂದು ಜೋಡಿಯಲ್ಲಿ 2 ಎಂಬಿಪಿಎಸ್. ಕಡಿಮೆ ಅನ್ನಿಸಿತಾ? ಹಲವು ಜೋಡಿಗಳನ್ನು ಕೂಡಿಸಿ ಒಂದೇ ಲಿಂಕ್ ಮಾಡಬಹುದು, 32ರವರೆಗೆ. ಆದರೆ ಆ ಜೋಡಿಯಲ್ಲಿ ಫೋನ್ ಇರಲ್ಲ.

ಒಂದು ಮೋಡೆಮನ್ನು ಎಕ್ಸ್‌ಚೇಂಜ್ ಕಡೆಗೆ, ಇನ್ನೊಂದನ್ನು ಗ್ರಾಹಕರ ಕಡೆಗೆ ಸೆಟ್ ಮಾಡಿ. ಎರಡೂ ಒಂದೇ ಆದರೆ ದೀಪ ಮಿನುಗುತ್ತಲೇ ಇರುತ್ತದೆ, ಅಷ್ಟೇ. ಲಿಂಕ್ ಬಂದ ಮೇಲೆ ಮಾರ್ಜಿನ್ (ಗದ್ದಲ ಹೆಚ್ಚಿದರೂ ಲಿಂಕ್ ತಡೆದುಕೊಳ್ಳುವ ಅಂತರ) ಗಮನಿಸಿ, ಮಳೆ ಬಂದ ದಿನವೂ. 6 ಡೆಸಿಬೆಲ್‌ಗಿಂತ ಕೆಳಗಿಳಿದರೆ ವೇಗ ಒಂದಿಷ್ಟು ತಗ್ಗಿಸಿ.